ಒಂದು ಲಕ್ಷ ಸಹಿ, ಹನ್ನೆರಡು ಹಳ್ಳಿ

[ದೃಶ್ಯ: ಜಡಿಮಳೆ. ಸಾಗರದ ಕಡೆಯ ಒಂದು ಪಂಚಾಯ್ತಿ ಕಟ್ಟೆ. ಜಗಲಿ ತುಂಬ ಒದ್ದೆ ಕೊಡೆ.]

ನಮಸ್ಕಾರ. ಮಲೆನಾಡಲ್ಲಿ ಮನವಿಗೆ ಸಹಿ ಹಾಕದವರು ಯಾರಿದ್ದಾರೆ ಹೇಳಿ? ಕಾಲುಸಂಕ ಬೇಕು, ಹಕ್ಕುಪತ್ರ ಬೇಕು, ಮಂಗನ ಕಾಟ ತಪ್ಪಿಸಿ... ನಾನೂ ಎಷ್ಟೋ ಸಲ ಹಾಕಿದ್ದೇನೆ. ಮನವಿ ಅಂದರೆ ಕೇಳಿಕೊಳ್ಳುವುದು. ಕೊಡುವುದು, ಬಿಡುವುದು ಸರ್ಕಾರಕ್ಕೆ ಸೇರಿದ್ದು.

ಸ್ವಿಟ್ಜರ್‌ಲೆಂಡಿನಲ್ಲಿ ಸಹಿಯ ತೂಕವೇ ಬೇರೆ. 18 ತಿಂಗಳೊಳಗೆ 1 ಲಕ್ಷ ಮತದಾರರ ಸಹಿ ಕೂಡಿತು ಅನ್ನಿ. ಪ್ರಸ್ತಾವ ನಿಯಮಬದ್ಧವಾಗಿದ್ದರೆ, ಸಂವಿಧಾನ ತಿದ್ದಬೇಕೋ ಬೇಡವೋ ಅಂತ ಇಡೀ ದೇಶವನ್ನು ಕೇಳಲೇಬೇಕು. ಈ ಹಕ್ಕು 1891ರಿಂದ ಇದೆ, ಸಹಿಯ ಈ ಲೆಕ್ಕ ಮಾತ್ರ ಆಮೇಲೆ ಬಂದದ್ದು. ಸಂಸತ್ತು ಮಾಡಿದ ಕಾಯ್ದೆಯನ್ನು ಜನಮತಕ್ಕೆ ಎಳೆಯಲು 100 ದಿನದಲ್ಲಿ 50 ಸಾವಿರ ಸಹಿ ಸಾಕು.

[ದೃಶ್ಯ: ಆಲ್ಪ್ಸ್ ಇಳಿಜಾರಿನ ಬಾಗಿಲು ಹಾಕಿದ ಮನೆಗಳು. ನಂತರ ಆಗುಂಬೆ ಘಾಟಿ.]

2012ರಲ್ಲಿ ಹೀಗೇ ಒಂದು ಪ್ರಶ್ನೆ ಬಂತು. ರಜೆಗಷ್ಟೇ ಬಂದುಹೋಗುವವರ ಮನೆಗಳು ಯಾವ ಊರಲ್ಲೂ ಶೇ 20 ದಾಟಬಾರದು ಅಂತ. ಶೇ 50.6 ಮಂದಿ ಹೌದು ಎಂದರು, ಗೆದ್ದಿತು. ತೋಟದ ಪಕ್ಕದ ಗುಡ್ಡ ರೆಸಾರ್ಟ್ ಆಗುವುದನ್ನು ನೋಡುತ್ತಿರುವ ನನಗೆ ಇದನ್ನು ಓದಿ ಆಸೆಯಾಯಿತು.

ಆದರೆ ವಾಲೆ ಎಂಬ ಗುಡ್ಡಗಾಡು ಪ್ರಾಂತ್ಯದವರು ದೊಡ್ಡ ಅಂತರದಲ್ಲಿ ಬೇಡ ಎಂದಿದ್ದರು. ಮನೆ ಕಟ್ಟುವ ಕೆಲಸವೇ ಅಲ್ಲಿ ಎಷ್ಟೋ ಜನರ ಅನ್ನ. ಗುಡ್ಡ ಅವರದ್ದು, ತೀರ್ಮಾನ ದೇಶದ್ದು.

ಇದನ್ನು ಇಲ್ಲಿಗೆ ತಂದು ನೋಡಿ. ಶರಾವತಿ ಕಣಿವೆಯಲ್ಲಿ ಏನಾಗಬೇಕು ಅಂತ ರಾಜ್ಯವೆಲ್ಲ ಮತ ಹಾಕಿದರೆ? ಕರೆಂಟು ಬೇಕಾದ ನಗರಗಳ ಮತ ಎಷ್ಟು, ಲಿಂಗನಮಕ್ಕಿ ಹಿನ್ನೀರಿಗೆ ಮನೆ, ಗದ್ದೆ ಬಿಟ್ಟು ಎದ್ದವರ ಮತ ಎಷ್ಟು? ಎಣಿಕೆಗೆ ಮೊದಲೇ ಫಲಿತಾಂಶ ಗೊತ್ತು. ಏನು ಕೇಳುತ್ತಾರೆ ಅನ್ನುವುದಕ್ಕಿಂತ ಯಾರನ್ನು ಕೇಳುತ್ತಾರೆ ಅನ್ನುವುದೇ ನನಗೆ ಮುಖ್ಯ.

ಜನ ಸಹಿ ಕೂಡಿಸಿ ಜನಮತ ಕರೆಯುವ ದಾರಿ ನಮ್ಮ ಸಂವಿಧಾನದಲ್ಲಿಲ್ಲ. ಗ್ರಾಮಸಭೆ ಇದೆ. ಮತದಾರರ ಪಟ್ಟಿಯಲ್ಲಿ ಹೆಸರಿದ್ದವರೆಲ್ಲ ಅದರ ಸದಸ್ಯರೇ, ಯಾರೂ ಆರಿಸಿ ಕಳಿಸಬೇಕಿಲ್ಲ. ಒಡಿಶಾದ ನಿಯಮಗಿರಿಯಲ್ಲಿ ಬಾಕ್ಸೈಟ್ ಗಣಿ ಬೇಕೋ ಬೇಡವೋ ಎನ್ನುವ ವಿಚಾರವನ್ನು 2013ರಲ್ಲಿ ಸುಪ್ರೀಂ ಕೋರ್ಟ್ ಗ್ರಾಮಸಭೆಗಳ ಮುಂದಿಟ್ಟಿತು. ಬೆಟ್ಟದ ಮಗ್ಗುಲಿನ 12 ಹಳ್ಳಿ. ಒಂದಾದ ಮೇಲೊಂದು, ಹನ್ನೆರಡೂ ಬೇಡ ಎಂದವು. ಮರುವರ್ಷ ಕೇಂದ್ರ ಪರಿಸರ ಸಚಿವಾಲಯವೂ ಅನುಮತಿ ನಿರಾಕರಿಸಿತು.

ಆ ಬಲ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆಯಿಂದ. ಎಲ್ಲ ವಿಷಯದಲ್ಲೂ ಗ್ರಾಮಸಭೆಗೆ ಅಷ್ಟು ಬಲವಿಲ್ಲ. ಆದರೆ ಅದೇ ಕಾಯ್ದೆ ಸಾಗರ, ಹೊಸನಗರಕ್ಕೂ ಇದೆ, ಹಕ್ಕಿನ ಅರ್ಜಿ ಮೊದಲು ಬರಬೇಕಾದ್ದೂ ಗ್ರಾಮಸಭೆಗೇ.

[ದೃಶ್ಯ: ತೆರೆದ ನಡಾವಳಿ ಪುಸ್ತಕ. ಮೇಲೆ ಖಾಲಿ, ಕೆಳಗೆ ಸಾಲು ಸಹಿ.]

ಹೀಗೆ ಖಾಲಿ ಪುಟಕ್ಕೆ ಸಹಿ ಹಾಕಬೇಡಿ. ನಿರ್ಣಯವನ್ನು ನಿಮ್ಮೆದುರೇ ಬರೆಯಲಿ. ಹಿಂದೆ ಕೂತ ಅಜ್ಜಿಗೂ ಕೇಳುವ ಹಾಗೆ ಓದಿಸಿ, ಆಮೇಲೆ ಪೆನ್ನು ತೆಗೆಯಿರಿ.