ಆಫೀಸಿಗೂ ಹೋಗಬೇಕು, ಚುಕ್ಕಿಗೆ ಸುಸುನೂ ಕಲಿಸಬೇಕು

ನಮಸ್ಕಾರ. ಕ್ಯಾಮೆರಾ ಮೂಸುತ್ತಾ ನಿಂತಿದ್ದಾಳಲ್ಲ, ಇವಳೇ ಚುಕ್ಕಿ. ಹಣೆ ಮೇಲೆ ಬಿಳಿ ಮಚ್ಚೆ ಇದೆ, ಅದಕ್ಕೇ ಆ ಹೆಸರು. ಅಪ್ಪಟ ನಮ್ಮ ಬೀದಿಯ ಮರಿ. ಮನೆಗೆ ಬಂದಾಗ ಅವಳಿಗೆ ಎರಡು ತಿಂಗಳು ತುಂಬಿತ್ತು. ಹನುಮಂತನಗರದಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ ನಮ್ಮದು. ನಾನು, ನನ್ನ ತಮ್ಮ, ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಸಿಕ್ಕವರೆಲ್ಲ ಕೇಳುವುದು ಒಂದೇ: ದಿನವಿಡೀ ಆಫೀಸಿನಲ್ಲಿದ್ದುಕೊಂಡು ಮರಿಗೆ ಸುಸು, ಕಕ್ಕ ಎಲ್ಲಿ ಮಾಡಬೇಕು ಅಂತ ಹೇಗೆ ಕಲಿಸುತ್ತೀರಿ?

ನಾನು ಹೇಳುವುದು ಇಷ್ಟೇ. ಮಧ್ಯಾಹ್ನ ಮರಿ ಹತ್ತಿರ ಯಾರಿರುತ್ತಾರೆ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಮರಿ ತರುವುದು ಆಮೇಲೆ.

ಮರಿಗೆ ಎಷ್ಟು ತಿಂಗಳಾಗಿದೆಯೋ ಅದಕ್ಕೆ ಒಂದು ಸೇರಿಸಿ. ಹಗಲು ಹೊತ್ತು ಹೆಚ್ಚೆಂದರೆ ಅಷ್ಟು ಗಂಟೆ ತಡೆಯುತ್ತದೆ ಅಂತ ನಾಯಿ ಸಾಕುವವರು ಅಂದಾಜು ಹಾಕುತ್ತಾರೆ. ಎರಡು ತಿಂಗಳಿಗೆ ಮೂರು ಗಂಟೆ, ಅದೂ ಮಲಗಿದ್ದರೆ. ಎದ್ದು ಆಡುತ್ತಿದ್ದರೆ ಅರ್ಧ ಗಂಟೆಗೇ ಬಂದುಬಿಡುತ್ತದೆ. ನನ್ನ ಆಫೀಸು ಇರುವುದು ವೈಟ್‌ಫೀಲ್ಡಿನಲ್ಲಿ. ನ್ಯಾಷನಲ್ ಕಾಲೇಜಿನಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಇಳಿದು ನೇರಳೆ ಮಾರ್ಗ ಹಿಡಿಯಬೇಕು. 2023ರಲ್ಲಿ ಆ ಮಾರ್ಗ ಪೂರ್ತಿಯಾದ ಮೇಲೆ ಎಷ್ಟೋ ವಾಸಿ. ಆದರೂ ಮನೆ ಬಿಟ್ಟು ಸೀಟಿನಲ್ಲಿ ಕೂರುವಷ್ಟರಲ್ಲಿ ಒಂದೂವರೆ ಗಂಟೆ ಹೋಗುತ್ತದೆ. ಊಟದ ಬಿಡುವಿನಲ್ಲಿ ಮನೆಗೆ ಹೋಗಿ ಬನ್ನಿ ಅಂತ ಸಲಹೆ ಕೊಡುತ್ತಾರೆ. ಬೆಂಗಳೂರಿನಲ್ಲಿ ಅದು ಆಗುವ ಮಾತಾ?

ಅದಕ್ಕೇ ನಾವು ದಿನವನ್ನು ಮೂವರು ಹಂಚಿಕೊಂಡೆವು. ತಮ್ಮನಿಗೆ ಸೆಕೆಂಡ್ ಶಿಫ್ಟ್. ನಾನು ಬೆಳಿಗ್ಗೆ ಹೊರಟ ಮೇಲೆ ಮಧ್ಯಾಹ್ನ ಹನ್ನೆರಡೂವರೆ ತನಕ ಅವನು. ಮೂರು ಗಂಟೆ ಸುಮಾರಿಗೆ ಕೆಳಗಿನ ಮನೆಯ ಓನರ್ ಆಂಟಿ. ಐದೂವರೆಗೆ ಇನ್ನೊಂದು ಸಲ ಅವರೇ. ಏಳಕ್ಕೆ ನಾನು. ಆಂಟಿಯನ್ನು ಕೇಳುವಾಗ ನನಗೆ ಅಳುಕಿತ್ತು. ಮಡಿ, ಪೂಜೆ ಎಲ್ಲ ಇರುವ ಮನೆ ಅವರದು. ಅವರು ಕೇಳಿದ್ದು ಒಂದೇ ಮಾತು: "ಬೀಗದ ಕೈ ಎಲ್ಲಿಟ್ಟು ಹೋಗ್ತೀಯಮ್ಮ?" ಆ ಒಂದು ಮಾತಿನಿಂದ ನಮ್ಮ ಅರ್ಧ ಕೆಲಸ ಮುಗಿಯಿತು. ಅವರಿಗೆ ನಾನು ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು.

ನಿಮಗೆ ಅಂಥ ಆಂಟಿ ಸಿಗದಿದ್ದರೆ, ಮನೆಕೆಲಸಕ್ಕೆ ಬರುವವರನ್ನು ಕೇಳಿ. ಅವರ ಟೈಮನ್ನು ಮಧ್ಯಾಹ್ನಕ್ಕೆ ಬದಲಾಯಿಸಿಕೊಳ್ಳಿ, ಜಾಸ್ತಿ ದುಡ್ಡು ಕೊಡಿ. ದುಡ್ಡು ಕೊಟ್ಟು ಪೆಟ್ ಸಿಟ್ಟರ್ ಇಟ್ಟುಕೊಳ್ಳಬಹುದು. ಇದ್ಯಾವುದೂ ಆಗದು, ಒಬ್ಬರೇ ಇದ್ದೀರಿ, ವಾರಪೂರ್ತಿ ಆಫೀಸು ಅಂತಾದರೆ ದಯವಿಟ್ಟು ಮರಿ ತರಬೇಡಿ. ದೊಡ್ಡ ನಾಯಿ ತನ್ನಿ. ಬೆಳೆದ, ಆರೋಗ್ಯವಾಗಿರುವ ನಾಯಿ ಆರೇಳು ಗಂಟೆ ಆರಾಮಾಗಿ ಇರಬಲ್ಲದು. ನಮ್ಮೂರಲ್ಲಿ 1991ರಿಂದ ಇರುವ ಕ್ಯೂಪಾದಂಥ ಪ್ರಾಣಿದಯಾ ಸಂಸ್ಥೆಗಳಲ್ಲಿ ಮನೆಗಾಗಿ ಕಾಯುತ್ತಿರುವ ದೊಡ್ಡ ನಾಯಿಗಳಿವೆ. ಮರಿಯೇ ಮುದ್ದು ಅಂತ ಎಲ್ಲರೂ ಮರಿಯನ್ನೇ ಕೇಳುತ್ತಾರೆ. ದೊಡ್ಡವು ಹಾಗೇ ಉಳಿದುಬಿಡುತ್ತವೆ.

ಇಷ್ಟು ಕಟುವಾಗಿ ಹೇಳುವುದಕ್ಕೆ ಕಾರಣ ಇದೆ. ಮಲಗುವ ಜಾಗದಲ್ಲಿ ಹೊಲಸು ಮಾಡಬಾರದು ಅನ್ನುವ ಬುದ್ಧಿ ಮರಿಗೆ ಹುಟ್ಟಿನಿಂದಲೇ ಇರುತ್ತದೆ. ನಾವು ಕಲಿಸುವುದೆಲ್ಲ ಅದರ ಮೇಲೇ ನಿಂತಿದೆ. ಎಂಟು ಗಂಟೆ ಕ್ರೇಟಿನಲ್ಲೋ (ನಾಯಿ ಮಲಗುವ ಪಂಜರ) ಬಾತ್‌ರೂಮಿನಲ್ಲೋ ಕೂಡಿಹಾಕಿದರೆ ಬೇರೆ ದಾರಿಯಿಲ್ಲದೆ ಮಲಗಿದ ಕಡೆಯೇ ಮಾಡಿಕೊಳ್ಳುತ್ತದೆ. ಹಾಗೇ ನಡೆಯುತ್ತಾ ಹೋದರೆ ಅದರಲ್ಲೇ ಮಲಗುವುದೂ ಅಭ್ಯಾಸವಾಗುತ್ತದೆ. ಆಮೇಲೆ ತಿದ್ದುವುದು ಬಹಳ ಕಷ್ಟ.

ಈಗ ಜಾಗದ ವಿಷಯ. ಇದು ನಮ್ಮ ಅಡುಗೆಮನೆ ಹಿಂದಿನ ಯುಟಿಲಿಟಿ. ನೀರು ಹೋಗುವುದಕ್ಕೆ ಮೋರಿ ಇದೆ, ಗಾಳಿ ಬರುತ್ತದೆ. ಆ ಮೂಲೆಯಲ್ಲಿರುವುದು ಹುಲ್ಲಿನ ಟ್ರೇ. ಲಾಲ್‌ಬಾಗ್ ಪಕ್ಕ ಸಿದ್ದಾಪುರದ ನರ್ಸರಿಗಳಲ್ಲಿ ಲಾನ್ ಹುಲ್ಲನ್ನು ಚಾಪೆ ಥರ ಕತ್ತರಿಸಿ ಮಾರುತ್ತಾರೆ, ಅದನ್ನೇ ತಂದು ಹಾಸಿದ್ದು. ನ್ಯೂಸ್‌ಪೇಪರ್ ಸಾಲದಾ ಅಂತ ಅಮ್ಮ ಕೇಳಿದರು. ಕೆಲಸ ಆಗುತ್ತದೆ, ಆದರೆ ಕಾಲಿಗೆ ಏನು ತಾಗುತ್ತದೆ ಅನ್ನುವುದನ್ನು ಮರಿಗಳು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತವೆ. ಸುಸು ಹೀರಿಕೊಳ್ಳಲು ಹಾಸುವ ಬಟ್ಟೆಯಂಥ ಪ್ಯಾಡ್ ಮೇಲೆ ಕಲಿತ ಮರಿಗೆ ಬಾಗಿಲ ಹತ್ತಿರದ ಕಾಲೊರೆಸು ಕೂಡ ಅದೇ. ಹುಲ್ಲಿನ ಮೇಲೆ ಕಲಿತರೆ ಮುಂದೆ ಪಾರ್ಕಿನ ಬದಿಯ ಹುಲ್ಲು ಹೊಸದು ಅನ್ನಿಸುವುದಿಲ್ಲ.

ಮೊದಲ ದಿನದಿಂದಲೇ ಬೀದಿಗೆ ಕರೆದುಕೊಂಡು ಹೋಗಬಹುದಲ್ವಾ ಅಂದರೆ, ಬೇಡ. ಪಾರ್ವೋ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಲಸಿಕೆಯಾಗದ ಮರಿಗೆ ತಗುಲಿದರೆ ವಾಂತಿ, ರಕ್ತಭೇದಿ ಶುರುವಾಗಿ ಕೆಲವೇ ದಿನಗಳಲ್ಲಿ ಜೀವಕ್ಕೇ ಬರುತ್ತದೆ. ಆರರಿಂದ ಎಂಟು ವಾರದೊಳಗೆ ಮೊದಲ ಲಸಿಕೆ, ಆಮೇಲೆ ಮೂರ್ನಾಲ್ಕು ವಾರಕ್ಕೊಂದು, ಕೊನೆಯದು ಹದಿನಾರು ವಾರದ ಹೊತ್ತಿಗೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ಕೊನೆಯ ಲಸಿಕೆ ಮುಗಿಯುವ ತನಕ ಬೀದಿಯಲ್ಲಿ ಕಾಲು ಊರಿಸಬೇಡಿ. ಆದರೆ ಎತ್ತಿಕೊಂಡು ಸುತ್ತಾಡಿಸಿ, ಅದು ಬೇಕೇ ಬೇಕು. ಆಟೋ ಹಾರನ್, ಹೂವಿನವರ ಕೂಗು, ದೇವಸ್ಥಾನದ ಗಂಟೆ ಎಲ್ಲ ಈ ವಯಸ್ಸಿನಲ್ಲೇ ಕಿವಿಗೆ ಬಿದ್ದರೆ ಮುಂದೆ ಹೆದರುವುದು ಕಡಿಮೆ. ಗಾಂಧಿ ಬಜಾರಿನ ಈ ಕ್ಲಿಪ್ ನೋಡಿ, ನನ್ನ ತೋಳಲ್ಲಿ ಕೂತು ಹೇಗೆ ಕತ್ತು ತಿರುಗಿಸುತ್ತಿದ್ದಾಳೆ!

ಕಲಿಸುವ ಕ್ರಮ ಏನೂ ಗುಟ್ಟಲ್ಲ. ನಿದ್ದೆಯಿಂದ ಎದ್ದ ತಕ್ಷಣ ಟ್ರೇಗೆ. ಊಟವಾಗಿ ಹತ್ತಿಪ್ಪತ್ತು ನಿಮಿಷಕ್ಕೆ ಟ್ರೇಗೆ, ಯಾಕೆಂದರೆ ಹೊಟ್ಟೆಗೆ ಊಟ ಬಿದ್ದ ಕೂಡಲೇ ಕರುಳು ಚುರುಕಾಗುತ್ತದೆ. ಆಟ ನಿಂತ ಮೇಲೆ ಟ್ರೇಗೆ. ನೆಲ ಮೂಸುತ್ತಾ ಸುತ್ತು ಹೊಡೆಯಲು ಶುರು ಮಾಡಿದರೆ ಏನೂ ಯೋಚಿಸದೆ ಎತ್ತಿಕೊಂಡು ಓಡಿ. ಅಲ್ಲಿ ನಿಂತು "ಸುಸು ಮಾಡು" ಅಂತ ಒಂದೇ ಮಾತು. ತಮ್ಮನೂ ಅದನ್ನೇ, ಆಂಟಿಯೂ ಅದನ್ನೇ ಹೇಳುತ್ತಾರೆ. ಮಾಡಿ ಮುಗಿಸಿದ ಕೂಡಲೇ, ಅದೇ ಜಾಗದಲ್ಲಿ, "ಜಾಣೆ" ಅಂದು ಬೇಯಿಸಿದ ಕ್ಯಾರೆಟ್ಟಿನ ಒಂದು ಚೂರು. ಒಳಗೆ ಬಂದು ಫ್ರಿಜ್ ತೆಗೆದು ಕೊಟ್ಟರೆ ಯಾವುದಕ್ಕೆ ಕೊಟ್ಟಿದ್ದು ಅಂತ ಅವಳಿಗೆ ತಿಳಿಯುವುದಿಲ್ಲ. ಅದಕ್ಕೇ ಯುಟಿಲಿಟಿ ಕಿಟಕಿಯಲ್ಲಿ ಡಬ್ಬಿ ಇಟ್ಟಿದ್ದೇವೆ. ಊಟ ದಿನಾ ಅದೇ ಹೊತ್ತಿಗೆ. ತಟ್ಟೆ ಇಡೀ ದಿನ ತುಂಬಿಟ್ಟರೆ ಕಕ್ಕ ಯಾವಾಗ ಬರುತ್ತದೆ ಅಂತ ಯಾರಿಗೂ ಹೇಳಲಾಗದು. ನೀರು ಮಾತ್ರ ಹಗಲೆಲ್ಲ ಇರಲಿ.

ಮನೆಯೊಳಗೆ ಮಾಡಿದರೆ? ಮಾಡೇ ಮಾಡುತ್ತದೆ. ಬೈಯಬೇಡಿ. ಮೂತಿಯನ್ನು ಅದರಲ್ಲಿ ಒತ್ತುವುದಂತೂ ಕ್ರೌರ್ಯ, ಈಗಲೂ ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ. ಸಂಜೆ ಏಳಕ್ಕೆ ನೀವು ಬೈದರೆ ಎರಡು ಗಂಟೆಗೆ ಮಾಡಿದ ಸುಸುಗೆ ಅಂತ ಮರಿಗೆ ಗೊತ್ತಾಗುವುದಿಲ್ಲ. ಬಾಗಿಲು ತೆಗೆದು ಬಂದವರನ್ನು ಕಂಡರೆ ಹೆದರಬೇಕು ಅಂತ ಕಲಿಯುತ್ತದೆ, ಆಮೇಲೆ ಸೋಫಾ ಹಿಂದೆ ಹೋಗಿ ಮಾಡುತ್ತದೆ. ಕಣ್ಣೆದುರಿಗೇ ಶುರು ಮಾಡಿದರೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಎತ್ತಿ ಟ್ರೇಗೆ ಬಿಡಿ, ಸಾಕು.

ಒರೆಸುವುದು ಹೇಗೆ ಅನ್ನುವುದು ದೊಡ್ಡ ವಿಷಯ. ಫಿನಾಯಿಲ್ ಹಾಕಿದರೆ ನಮಗೆ ವಾಸನೆ ಹೋಯಿತು ಅನ್ನಿಸುತ್ತದೆ, ನಾಯಿಯ ಮೂಗಿಗೆ ಹೋಗಿರುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಇನ್ನೂ ಕೆಟ್ಟದ್ದು, ಅದರ ವಾಸನೆಯೇ ಸುಸು ಥರ. ಹಳೇ ಪೇಪರ್ ಒತ್ತಿ ಹೀರಿಸಿ, ಪೆಟ್ ಅಂಗಡಿಯಲ್ಲಿ ಸಿಗುವ ಎಂಜೈಮ್ ಕ್ಲೀನರ್ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ಮೂತ್ರದಲ್ಲಿ ವಾಸನೆ ಹುಟ್ಟಿಸುವ ಅಂಶವನ್ನು ಎಂಜೈಮ್ ಒಡೆದು ಹಾಕುತ್ತದೆ. ವಾಸನೆ ಉಳಿದರೆ ಮರಿ ಅದೇ ಜಾಗಕ್ಕೆ ಮತ್ತೆ ಬರುತ್ತದೆ.

ಕೆಲಸಕ್ಕೆ ಹೋಗುವವರೆಲ್ಲ ಇದನ್ನು ನೋಡಿರುತ್ತೀರಿ. ಸಂಜೆ ಬಾಗಿಲು ತೆಗೆದರೆ ಮರಿ ಓಡಿ ಬಂದು, ಕುಣಿದು, ಅಲ್ಲೇ ನಾಲ್ಕು ಹನಿ ಸುಸು ಮಾಡುತ್ತದೆ. ಅದು ಕಲಿತಿಲ್ಲ ಅಂತ ಅಲ್ಲ, ಖುಷಿ ತಡೆಯಲು ಆಗಿಲ್ಲ ಅಷ್ಟೇ. ಬಂದ ಕೂಡಲೇ ಎತ್ತಿ ಮುದ್ದು ಮಾಡಬೇಡಿ. ಮಾತಾಡಿಸದೆ ನೇರ ಟ್ರೇ ಹತ್ತಿರ ನಡೆಯಿರಿ, ಹಿಂದೆಯೇ ಬರುತ್ತದೆ. ಅಲ್ಲಿ ಮಾಡಲಿ, ಆಮೇಲೆ ಕೂತು ಎಷ್ಟು ಬೇಕಾದರೂ ಮುದ್ದಿಸಿ. ನನಗೆ ಇಡೀ ದಿನದಲ್ಲಿ ಕಷ್ಟವಾಗುವುದು ಇದೇ. ಮೆಟ್ರೋದಲ್ಲಿ ನಿಂತು ಬರುವಾಗ ಇವಳನ್ನೇ ನೆನೆಸಿಕೊಂಡು ಬಂದಿರುತ್ತೇನೆ, ಬಾಗಿಲಲ್ಲಿ ಮುಖ ತಿರುಗಿಸಬೇಕು. ದೊಡ್ಡದಾಗುತ್ತಾ ಇದು ತಾನಾಗಿಯೇ ನಿಲ್ಲುತ್ತದೆ. ಆದರೆ ಕಲಿತ ಮರಿ ಇದ್ದಕ್ಕಿದ್ದ ಹಾಗೆ ಪದೇಪದೇ ಸ್ವಲ್ಪ ಸ್ವಲ್ಪವೇ ಮಾಡುತ್ತಿದ್ದರೆ, ಮಾಡುವಾಗ ನರಳಿದರೆ, ಅದು ಸೋಂಕು ಇರಬಹುದು. ಡಾಕ್ಟರ ಹತ್ತಿರ ಹೋಗಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲೂ ಸಾಕುನಾಯಿಗಳನ್ನು ನೋಡುತ್ತಾರೆ.

ರಾತ್ರಿ ಅಷ್ಟು ಕಷ್ಟವಿಲ್ಲ. ಕ್ರೇಟ್ ನನ್ನ ಮಂಚದ ಪಕ್ಕದಲ್ಲೇ ಇದೆ. ಎದ್ದು ನಿಂತು ತಿರುಗುವಷ್ಟು ಜಾಗ, ಅಷ್ಟೇ. ಜಾಸ್ತಿ ದೊಡ್ಡದಾದರೆ ಒಂದು ಮೂಲೆಯನ್ನು ಕಕ್ಕಸು ಮಾಡಿಕೊಳ್ಳುತ್ತದೆ. ಕುಂಯ್ ಅಂದರೆ ಎದ್ದು, ದೀಪ ಜೋರಾಗಿ ಹಾಕದೆ, ಆಟವಾಡಿಸದೆ, ಟ್ರೇಗೆ ಬಿಟ್ಟು ಮತ್ತೆ ಮಲಗಿಸುವುದು.

ಚುಕ್ಕಿಯ ಕೊನೆಯ ಲಸಿಕೆ ಈಗ ಮುಗಿದಿದೆ. ಅದಾದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಕಾದು, ಈ ವಾರದಿಂದ ಕೆಳಗೆ ಕರೆದುಕೊಂಡು ಹೋಗುತ್ತಿದ್ದೇವೆ. ಮೊದಮೊದಲು ಹೊರಗೆ ಸುಮ್ನೆ ನಿಂತು ಎಲ್ಲ ನೋಡಿ, ಮನೆಗೆ ಬಂದು ಟ್ರೇ ಮೇಲೆ ಮಾಡುತ್ತಿದ್ದಳು. ಆಗ ಟ್ರೇಯಿಂದ ಅವಳ ವಾಸನೆ ಇರುವ ಒಂದು ಹಿಡಿ ಹುಲ್ಲು ಕಿತ್ತು, ಪಾರ್ಕಿನ ಗೋಡೆ ಬದಿ ಹಾಕಿ, ಅದೇ "ಸುಸು ಮಾಡು" ಹೇಳಿ ಕಾದೆವು. ಈಗ ಬೆಳಿಗ್ಗೆ ಅಲ್ಲೇ ಮಾಡುತ್ತಾಳೆ. ಕಕ್ಕ ಮಾಡಿದರೆ ಪೇಪರಿನಲ್ಲಿ ಎತ್ತಿಕೊಂಡು ಬರುತ್ತೇವೆ, ರಸ್ತೆಯಲ್ಲಿ ಬಿಡುವುದಿಲ್ಲ. ಮಧ್ಯಾಹ್ನಕ್ಕೆ ಟ್ರೇ ಇನ್ನೂ ಬೇಕು. ಆಂಟಿಗೆ ಮೊಣಕಾಲು ನೋವು, ಅವರು ಚುಕ್ಕಿ ಜೊತೆ ಮೆಟ್ಟಿಲು ಇಳಿಯುವುದು ಬೇಡ. ಸಂಜೆ ಮಳೆ ಹಿಡಿದುಕೊಂಡ ದಿನಗಳಿಗೂ ಅದೇ ಟ್ರೇ. ಹಾಗಾಗಿ ಸದ್ಯಕ್ಕೆ ತೆಗೆಯುತ್ತಿಲ್ಲ. ಈ ಭಾನುವಾರ ಸಿದ್ದಾಪುರಕ್ಕೆ ಹೋಗಿ ಹೊಸ ಹುಲ್ಲು ತರಬೇಕು.