ಕಡಲಿಲ್ಲದ ನಾಡಿಗೆ ಕಡಲಿನಿಂದ ಬಂದ ದೇವರು

ಶ್ರೋತೃಗಳಿಗೆ ನಮಸ್ಕಾರ.

ಕೊಡಗಿಗೆ ಕಡಲಿಲ್ಲ. ತಡಿಯಂಡಮೋಳ್ ಬೆಟ್ಟದ ನೆತ್ತಿಯಲ್ಲಿ ನಿಂತರೆ, ಆಕಾಶ ತಿಳಿಯಾಗಿರುವ ದಿನಗಳಲ್ಲಿ ಪಡುವಣದ ಅಂಚಿಗೆ ಒಂದು ಬೆಳ್ಳಿಯ ಗೆರೆ ಕಾಣುತ್ತದೆ. ಅದೇ ಸಮುದ್ರ ಎಂದು ಹಿರಿಯರು ನಮಗೆ ತೋರಿಸುತ್ತಿದ್ದರು. ನಮ್ಮ ಪಾಲಿನ ಕಡಲು ಅಷ್ಟೇ. ಆದರೂ ಈ ನಾಡಿನ ಗುಡಿ, ಇಗರ್ಜಿ, ದರ್ಗಾಗಳ ಕತೆ ಕೇಳುತ್ತ ಹೋದಾಗಲೆಲ್ಲ ನನಗೆ ಉಪ್ಪುಗಾಳಿ ಬೀಸಿದಂತಾಗುತ್ತದೆ. ಇಲ್ಲಿಯ ದೇವರುಗಳಲ್ಲಿ ಹಲವರು ಘಟ್ಟ ಹತ್ತಿ ಬಂದವರು.

ಅದೇ ತಡಿಯಂಡಮೋಳಿನ ಆಸುಪಾಸಿನಲ್ಲಿ, ಕಕ್ಕಬ್ಬೆಯ ಪಾಡಿಯಲ್ಲಿ, ಇಗ್ಗುತ್ತಪ್ಪನಿದ್ದಾನೆ. ಏಳು ಮಂದಿ ಒಡಹುಟ್ಟಿದವರು, ಆರು ಗಂಡು ಒಂದು ಹೆಣ್ಣು, ಶಂಖದೊಳಗೆ ಕುಳಿತು ಕಡಲಲ್ಲಿ ತೇಲಿ ಮಲೆಯಾಳದ ದಡ ಮುಟ್ಟಿದರಂತೆ. ಮೂವರು ಅಣ್ಣಂದಿರು ಅಲ್ಲೇ ನೆಲೆಸಿದರು. ಉಳಿದವರು ಮಲೆಯ ದಾರಿ ಹಿಡಿದರು. ತಂಗಿ ಯವಕಪಾಡಿಯಲ್ಲಿ ಪನ್ನಂಗಾಲತಮ್ಮೆಯಾದಳು, ಇಗ್ಗುತ್ತಪ್ಪ ಪಾಡಿಯಲ್ಲಿ ನಿಂತ. ಅವನು ಮಳೆಬೆಳೆಯ ದೇವರು. ಈ ಕತೆಯಲ್ಲಿ ನನ್ನನ್ನು ಬಹಳ ಕಾಲ ಹಿಡಿದು ನಿಲ್ಲಿಸಿದ್ದು ಒಂದು ಮಾತು: ಕೊಡಗಿಗೆ ಮಳೆ ಬರುವುದೂ ಆ ದಾರಿಯಲ್ಲೇ ಅಲ್ಲವೆ? ಜೂನ್ ತಿಂಗಳಲ್ಲಿ ಅರಬ್ಬಿ ಸಮುದ್ರದಿಂದ ಎದ್ದ ಮೋಡ ಮಲಬಾರನ್ನು ತೋಯಿಸಿ, ಘಟ್ಟ ಏರಿ, ಮೊದಲು ಇಳಿಯುವುದು ಈ ಬೆಟ್ಟಸಾಲಿನ ಮೇಲೆಯೇ. ಮಳೆ ನಡೆದ ದಾರಿಯಲ್ಲೇ ಮಳೆಯ ದೇವರನ್ನೂ ನಡೆಸಿಕೊಂಡು ಬಂದ ಆ ಹಳೆಯ ಜನರ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ಈಗಿರುವ ದೇವಾಲಯವನ್ನು 1810ರಲ್ಲಿ ಕೊಡಗಿನ ಅರಸ ಲಿಂಗರಾಜೇಂದ್ರ ಕಟ್ಟಿಸಿದ. ನಮ್ಮ ಸುಗ್ಗಿಹಬ್ಬ ಪುತ್ತರಿಯ ದಿನ, ಕದಿರು ತೆಗೆಯುವ ಹೊತ್ತು, ಎಲ್ಲವೂ ನಿಶ್ಚಯವಾಗುವುದು ಈ ಸನ್ನಿಧಿಯಲ್ಲೇ. ಇಲ್ಲಿ ಮೊದಲ ಕದಿರು ಮನೆಗೆ ಬಂದ ಮೇಲೆಯೇ ನಾಡಿನ ಗದ್ದೆಗಳಲ್ಲಿ ‘ಪೊಲಿ ಪೊಲಿ ದೇವಾ’ ಎಂಬ ಕೂಗು ಏಳುತ್ತದೆ.

ಕಕ್ಕಬ್ಬೆಯಿಂದ ನಾಪೋಕ್ಲಿನ ಕಡೆಗೆ ಬಂದರೆ ಎಮ್ಮೆಮಾಡು. ಅಲ್ಲಿಯ ದರ್ಗಾದಲ್ಲಿ ಸೂಫಿ ಶಹೀದರೂ ಸಯ್ಯದ್ ಹಸನ್ ಸಖಾಫ್ ಹಳ್ರಮಿಯವರೂ ಮಣ್ಣಾಗಿದ್ದಾರೆ. ಹಳ್ರಮಿ ಎಂಬ ಆ ಕೊನೆಯ ಪದವನ್ನು ಗಮನಿಸಿ. ಅರೇಬಿಯದ ದಕ್ಷಿಣ ತೀರದ ಹಳ್ರಮೌತ್ ಸೀಮೆಯ ಮೂಲವನ್ನು ಹೇಳುವ ಹೆಸರು ಅದು. ಆ ಸೀಮೆಯ ಸಯ್ಯದರು ಹಾಯಿಹಡಗಿನಲ್ಲಿ ಮಲಬಾರಿಗೆ ಬಂದರು. ಅವರ ಹೆಸರು ಅಲ್ಲಿಂದ ನಮ್ಮ ಕಾಫಿ ತೋಟಗಳ ನಡುವಿನವರೆಗೂ ಬಂದಿದೆ. ಉರೂಸಿನ ದಿನಗಳಲ್ಲಿ ಎಮ್ಮೆಮಾಡಿಗೆ ಹೋಗುವ ಬಸ್ಸಿನಲ್ಲಿ ಕುಳಿತು ನೋಡಿ, ಹರಕೆ ಹೊತ್ತವರಲ್ಲಿ ಎಲ್ಲ ಜಾತಿ ಮತಗಳ ಜನರಿರುತ್ತಾರೆ. ಮನೆಯಲ್ಲಿ ಕೊಡವ ತಕ್ಕ್, ಅಂದರೆ ಕೊಡವ ಭಾಷೆ, ಆಡುವ, ಕೊಡವರಂತೆಯೇ ಮನೆಹೆಸರು ಇಟ್ಟುಕೊಂಡಿರುವ ಮುಸ್ಲಿಂ ಕುಟುಂಬಗಳೂ ಈ ನಾಡಿನಲ್ಲಿವೆ. ಜಮ್ಮಾ ಮಾಪಿಳ್ಳೆಗಳೆಂದು ಅವರನ್ನು ಕರೆಯುತ್ತಾರೆ.

ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚಿನ ಕತೆ ಕಣ್ಣೀರಿನದು. 1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕೊಂಕಣಿ ಕ್ರೈಸ್ತರನ್ನು ಸೆರೆಹಿಡಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿದ. ಅವರನ್ನು ಸಾಗಿಸಿದ ದಾರಿಗಳಲ್ಲಿ ಒಂದು ನಮ್ಮ ಘಟ್ಟದ್ದೇ. ಎಷ್ಟೋ ಮಂದಿ ದಾರಿಯಲ್ಲೇ ಸತ್ತರು. ಸೆರೆಯಿಂದ ತಪ್ಪಿಸಿಕೊಂಡವರಲ್ಲಿ ಕೆಲವರು ಕೊಡಗಿಗೆ ಬಂದರು. ಆಗ ಇಲ್ಲಿ ಅರಸನಾಗಿದ್ದವನು ದೊಡ್ಡವೀರರಾಜೇಂದ್ರ. ಅವನೂ ಪಿರಿಯಾಪಟ್ಟಣದಲ್ಲಿ ಟಿಪ್ಪುವಿನ ಸೆರೆಯಲ್ಲಿದ್ದು 1788ರಲ್ಲಿ ಪಾರಾಗಿ ಬಂದವನು. ಸೆರೆಯ ಕಷ್ಟ ಉಂಡವನಿಗೆ ಸೆರೆಯಿಂದ ಬಂದವರ ಮುಖ ನೋಡಿದರೆ ಏನನ್ನಿಸಿರಬೇಕು! 1792ರಲ್ಲಿ ತನ್ನ ಹೆಸರಿನಲ್ಲಿ ಕಟ್ಟಿಸಿದ ಹೊಸ ಪೇಟೆಯಲ್ಲಿ ಅವರಿಗೆ ನೆಲ ಕೊಟ್ಟ. ಚರ್ಚಿನ ಹುಟ್ಟೂ ಆ ವರ್ಷದ್ದೇ. ಊರಿಗೂ ಇಗರ್ಜಿಗೂ ಒಂದೇ ವಯಸ್ಸು. ವೀರಶೈವ ಅರಸನೊಬ್ಬನ ಈ ಕೊಡುಗೆಯನ್ನು ನಮ್ಮ ಮಕ್ಕಳಿಗೆ ಹೇಳಿಕೊಡಬೇಕು ಎಂದು ನನಗೆ ತೀವ್ರವಾಗಿ ಅನ್ನಿಸುತ್ತದೆ.

ಮಂಗಳೂರಿನಿಂದ ಬಂದ ಇನ್ನೊಬ್ಬರು ಹರ್ಮನ್ ಮೋಗ್ಲಿಂಗ್. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದವರು ಅವರೇ. ಬಾಸೆಲ್ ಮಿಷನ್ನಿನ ಈ ಪಾದ್ರಿ 1850ರ ದಶಕದಲ್ಲಿ ಕೊಡಗಿಗೆ ಬಂದು, ಒಡೆಯರ ಗದ್ದೆಗಳಲ್ಲಿ ಜೀತದಲ್ಲಿದ್ದ ದಲಿತ ಕುಟುಂಬಗಳನ್ನು ಸೇರಿಸಿ ಆನಂದಪುರ ಎಂಬ ಊರು ಕಟ್ಟಿದರು. ಅಲ್ಲಿಯ ಚರ್ಚು ಆ ಕಾಲದ ನೆನಪು.

ಇನ್ನು ಮಡಿಕೇರಿ. ಬೆಟ್ಟದ ಮಡಿಲಿನ ಓಂಕಾರೇಶ್ವರ ದೇವಾಲಯವನ್ನು ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ. ನಡುವೆ ಗುಮ್ಮಟ, ನಾಲ್ಕು ಮೂಲೆಗೆ ಮಿನಾರಿನಂಥ ಗೋಪುರ, ಮುಂದೆ ಕಲ್ಯಾಣಿ, ಒಳಗೆ ಶಿವಲಿಂಗ. ಹೊರಊರಿನಿಂದ ಬಂದವರು ದೂರದಿಂದ ನೋಡಿ ‘ಇದು ಮಸೀದಿಯೆ?’ ಎಂದು ಕೇಳುವುದನ್ನು ಬಾಲ್ಯದಿಂದ ಕೇಳಿದ್ದೇನೆ. ಊರಿನ ಮೇಲ್ಭಾಗದಲ್ಲಿ ಅರಸರ ಸಮಾಧಿಗಳಿರುವ ಗದ್ದಿಗೆಗೆ ಹೋದರೆ ಅದೇ ಗುಮ್ಮಟ, ಅದೇ ಮಿನಾರು, ಮೂಲೆಗಳಲ್ಲಿ ನಂದಿ. ದೊಡ್ಡವೀರರಾಜೇಂದ್ರನೂ ಲಿಂಗರಾಜೇಂದ್ರನೂ ಅಲ್ಲಿ ಮಲಗಿದ್ದಾರೆ. ಟಿಪ್ಪುವಿನೊಡನೆ ಜೀವಮಾನವಿಡೀ ಕಾದಾಡಿದ ಅರಸನ ಸಮಾಧಿಯ ಮೇಲೆ ಶ್ರೀರಂಗಪಟ್ಟಣದ ಗುಂಬಜ್ ಅನ್ನು ನೆನಪಿಸುವ ಗುಮ್ಮಟ ನಿಂತಿದೆ. ಯುದ್ಧ ಅರಮನೆಗಳದು; ಚೆಲುವಾದ ಒಂದು ಆಕಾರವನ್ನು ಕಂಡ ಕಲ್ಲುಕುಟಿಗನಿಗೆ ಅದರಲ್ಲಿ ಹಗೆ ಕಂಡಿರಲಾರದು. ಸಮೀಪದಲ್ಲೇ ಟಿಪ್ಪುವಿನ ವಿರುದ್ಧ ಕಾದಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿಯೂ ಇದೆ.

ಕೋಟೆಯೊಳಗಿನ ಚರ್ಚಿನ ಬಳಿ ಮಾತ್ರ ನನ್ನ ಮನಸ್ಸು ಭಾರವಾಗುತ್ತದೆ. ಅಲ್ಲಿ ಮೊದಲು ವೀರಭದ್ರನ ಗುಡಿಯಿತ್ತು. 1855ರಲ್ಲಿ ಬ್ರಿಟಿಷರು ಅದನ್ನು ತೆಗೆಸಿ ಸೇಂಟ್ ಮಾರ್ಕ್ಸ್ ಚರ್ಚು ಕಟ್ಟಿದರು. ಅವರು ಹೋದ ಮೇಲೆ ಪ್ರಾರ್ಥನೆ ಮಾಡುವವರಿಲ್ಲದೆ ಚರ್ಚು ಮುಚ್ಚಿತು. ಈಗ ಅದು ಸರ್ಕಾರಿ ವಸ್ತುಸಂಗ್ರಹಾಲಯ. ಬಣ್ಣದ ಗಾಜಿನ ಕಿಟಕಿಯ ಬೆಳಕು ಹಳೆಯ ದೇವರ ವಿಗ್ರಹಗಳ ಮೇಲೆ, ಜಿನಬಿಂಬಗಳ ಮೇಲೆ ಬೀಳುತ್ತದೆ.

ಆ ಜಿನರು ನನ್ನ ಮಾತಿಗೆ ಅಪವಾದ. ಅವರು ಕಡಲಿನಿಂದ ಬಂದವರಲ್ಲ, ಮೂಡಣದ ಬಯಲಿನಿಂದ ಬಂದವರು. 888ರ ಬಿಳಿಯೂರು ಶಾಸನದಲ್ಲೇ ಜಿನಾಲಯಕ್ಕೆ ಗಂಗರ ಅರಸ ಕೊಟ್ಟ ದತ್ತಿಯ ಮಾತಿದೆ. ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ ಪಾರ್ಶ್ವನಾಥ, ಶಾಂತಿನಾಥ, ಚಂದ್ರನಾಥ ಬಸದಿಗಳಿವೆ. 1058ರಲ್ಲಿ ಕೊಂಗಾಳ್ವ ವಂಶದ ಅರಸ ರಾಜೇಂದ್ರ ಕೊಂಗಾಳ್ವ ಅಲ್ಲಿಯ ಬಸದಿಗೆ ದತ್ತಿ ಬಿಟ್ಟ. ಅವನ ತಾಯಿ ಪೋಚಬ್ಬರಸಿ ತನ್ನ ಗುರು ಗುಣಸೇನ ಪಂಡಿತರ ಪ್ರತಿಮೆಯನ್ನೇ ಮಾಡಿಸಿದಳು. ನಮ್ಮ ನಾಡಿನ ಚರಿತ್ರೆಯಲ್ಲಿ ಹೆಸರು ಉಳಿದ ಹೆಂಗಸರು ಎಷ್ಟು ಕಡಿಮೆ! ಆ ಒಬ್ಬಳಿಗಾಗಿಯಾದರೂ ಮುಳ್ಳೂರಿಗೆ ಹೋಗಿ ಬನ್ನಿ. ನಾನು ಹೋದ ದಿನ ಅಂಗಳದಲ್ಲಿ ಇನ್ನೊಂದು ಹೆಜ್ಜೆಯ ಸಪ್ಪಳವಿರಲಿಲ್ಲ. ಅಬ್ಬಿ ಜಲಪಾತಕ್ಕೆ ಸಾಲುಗಟ್ಟುವ ವಾಹನಗಳಲ್ಲಿ ನಾಲ್ಕಾದರೂ ಇತ್ತ ತಿರುಗಬಾರದೆ?

ಘಟ್ಟ ಹತ್ತಿ ಬಂದವರ ಮಾತನ್ನೇ ಇಷ್ಟು ಹೊತ್ತು ಆಡಿದೆ. ಘಟ್ಟ ಇಳಿದು ಹೋಗುವುದೂ ಒಂದಿದೆ. ಕಣ್ಣೂರು ಜಿಲ್ಲೆಯ ಉಳಿಕ್ಕಲ್ ಬಳಿ ವಯತ್ತೂರು ಎಂಬ ದೇವಸ್ಥಾನವಿದೆ. ನಮ್ಮವರ ಬಾಯಲ್ಲಿ ಅದು ಬೈತೂರು. ಅಲ್ಲಿಯ ಊಟ್ಟು ಹಬ್ಬವನ್ನು ಕೊಡವರೂ ಮಲೆಯಾಳಿಗಳೂ ಸೇರಿ ನಡೆಸುತ್ತಾರೆ. ಹಬ್ಬದ ಅನ್ನಕ್ಕೆ ಅಕ್ಕಿ ಹೋಗುವುದು ಕೊಡಗಿನಿಂದ. ಇಗ್ಗುತ್ತಪ್ಪನ ಮಳೆಯಲ್ಲಿ ಬೆಳೆದ ಆ ಅಕ್ಕಿಯನ್ನು ಎತ್ತುಗಳ ಬೆನ್ನಿಗೆ ಹೇರಿ, ಗಂಟೆ ಕಟ್ಟಿ, ಕೊಡವರ ನಿಲುವಂಗಿ ಕುಪ್ಯ ತೊಟ್ಟ ಗಂಡಸರು ಕಾಡುದಾರಿಯಲ್ಲಿ ಕೆಳಗಿಳಿಯುತ್ತಾರೆ. ಕೆಳಗಿನವರು ಎಲೆ ಹಾಸಿ ಕಾದಿರುತ್ತಾರೆ.

ನಮಸ್ಕಾರ.