ಲಂಟಾನ ಕಡಿಯುವುದು ಸುಲಭ, ಎರಡನೇ ವರ್ಷ ಬರುವವರು ಯಾರು?

[ದೃಶ್ಯ: ದಿಂಬಂ ಘಾಟಿಯ ತಿರುವುಗಳು. ಆಮೇಲೆ ರಸ್ತೆ ಬದಿಯ ಪೊದೆಗಳು ಹತ್ತಿರದಿಂದ.]

ಎಲ್ಲರಿಗೂ ನಮಸ್ಕಾರ. ಬಣ್ಣಾರಿ ದಾಟಿ, ದಿಂಬಂ ಘಾಟಿಯ 27 ತಿರುವು ಹತ್ತಿ ತಮಿಳುನಾಡಿನ ಗಡಿಯಲ್ಲಿರುವ ನಮ್ಮ ತಾಳವಾಡಿಗೆ ಬರುವವರು ಎರಡೂ ಕಡೆ ಹಸಿರು ನೋಡಿ ಖುಷಿಪಡುತ್ತಾರೆ. ಮುಂದಿನ ಸಲ ಕಿಟಕಿಯಿಂದ ಸರಿಯಾಗಿ ನೋಡಿ. ಗಾಡಿ ಮಾತ್ರ ನಿಲ್ಲಿಸಬೇಡಿ, ಆನೆ ಓಡಾಡುವ ಜಾಗ. ಆ ಹಸಿರಲ್ಲಿ ಎಷ್ಟೋ ಭಾಗ ಲಂಟಾನ. ನಮ್ಮ ಕಡೆ ರೋಜದ ಗಿಡ ಅನ್ನುತ್ತಾರಲ್ಲ, ಅದೇ. ಅಂದಕ್ಕೆ ಅಂತ 1809ರ ಸುಮಾರಿಗೆ ಕಲ್ಕತ್ತಾದ ತೋಟಕ್ಕೆ ತಂದ ಗಿಡ ಇದು. 2020ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ, ದೇಶದಲ್ಲಿ ಹುಲಿ ಇರುವ ಕಾಡುಗಳ ಪೈಕಿ ಸುಮಾರು 1,54,000 ಚದರ ಕಿಲೋಮೀಟರ್ ಜಾಗಕ್ಕೆ ಇದು ನುಗ್ಗಿದೆ.

ಲಂಟಾನ ಬೆಳೆದಲ್ಲಿ ಹುಲ್ಲು ಬರುವುದಿಲ್ಲ. ಹುಲ್ಲಿಲ್ಲದಿದ್ದರೆ ಜಿಂಕೆ, ಕಾಟಿ, ಆನೆ ಮೇವು ಹುಡುಕಿಕೊಂಡು ಬೇರೆ ಕಡೆ ಹೋಗುತ್ತವೆ. ಆ ಬೇರೆ ಕಡೆ ಎಲ್ಲಿ ಅಂತ ತಾಳವಾಡಿಯ ಕಬ್ಬು, ಜೋಳ, ಬಾಳೆ ಬೆಳೆಗಾರರಿಗೆ ನಾನು ಹೇಳಬೇಕಾಗಿಲ್ಲ.

ಇವತ್ತಿನ ವಿಷಯ ಗಿಡದ್ದಲ್ಲ, ಅದನ್ನು ತೆಗೆಸಿ ಕಾಡನ್ನು ಮತ್ತೆ ಕಾಡು ಮಾಡುವ ಕೆಲಸದ್ದು. ಸರ್ಕಾರದ ಪರವಾಗಿ ಈ ಕೆಲಸ ಹೊತ್ತ ಅಧಿಕಾರಿ ಇರುತ್ತಾರಲ್ಲ, ಅವರು ದಿನವಿಡೀ ಏನು ಮಾಡುತ್ತಾರೆ? ಕತ್ತಿ ಹಿಡಿದು ಕಾಡಿಗೆ ಹೋಗುವುದು ಕಡಿಮೆ. ಜಾಸ್ತಿ ಹೊತ್ತು ಹೋಗುವುದು ಬೇರೆ ಬೇರೆ ಜನರನ್ನು ಒಂದೇ ಲೆಕ್ಕಕ್ಕೆ ತರುವುದರಲ್ಲಿ.

[ದೃಶ್ಯ: ನಕ್ಷೆ. ಸತ್ಯಮಂಗಲ ಹುಲಿ ರಕ್ಷಿತಾರಣ್ಯ, ಅಕ್ಕಪಕ್ಕ ಮುದುಮಲೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟ.]

ಸತ್ಯಮಂಗಲ ಹುಲಿ ರಕ್ಷಿತಾರಣ್ಯ ಆಗಿದ್ದು 2013ರಲ್ಲಿ. ಅದರಲ್ಲಿ ಎರಡು ವಿಭಾಗ, ಸತ್ಯಮಂಗಲ ಮತ್ತು ಹಾಸನೂರು. ತಮಿಳುನಾಡು ಸರ್ಕಾರ 2022ರಲ್ಲಿ ಹೊರಗಿನಿಂದ ಬಂದು ಹಬ್ಬುವ ಗಿಡಗಳ ಬಗ್ಗೆ ಒಂದು ನೀತಿಯನ್ನೇ ಮಾಡಿತು. ಅಂದರೆ ಮೇಲಿನಿಂದ ಒಪ್ಪಿಗೆ ಇದೆ. ಕೆಳಗೆ ಕೆಲಸ ಹೇಗೆ ನಡೆಯುತ್ತದೆ ಅನ್ನುವುದೇ ತಲೆನೋವು.

ಮೊದಲು ಕಾರ್ಖಾನೆಯ ವಿಷಯ. ಮುದುಮಲೆ ಕಡೆ ಸೆನ್ನಾ ಅಂತ ಇನ್ನೊಂದು ಮರ ಹಬ್ಬಿದೆ. ಹಳದಿ ಹೂ ಬಿಡುತ್ತದೆ, ದೂರದಿಂದ ನಮ್ಮ ಕಕ್ಕೆ ಮರ ಅಂತಲೇ ಅನ್ನಿಸುತ್ತದೆ. ಅದನ್ನು ಕಡಿದು ಕಾಗದಕ್ಕೆ ಬಳಸಲು ಸರ್ಕಾರದ್ದೇ ಆದ ಟಿಎನ್‌ಪಿಎಲ್ ಕಾರ್ಖಾನೆಗೆ ಅನುಮತಿ ಸಿಕ್ಕಿತು. ಕೇಳಲು ಎಷ್ಟು ಚೆನ್ನಾಗಿದೆ ಅಲ್ವಾ? ಕಳೆ ಹೋಗುತ್ತದೆ, ಕಾಗದವೂ ಆಗುತ್ತದೆ, ಇಲಾಖೆಗೂ ಹಣ ಬರುತ್ತದೆ.

ಆದರೆ ಸೆನ್ನಾವನ್ನು ಸುಮ್ನೆ ಕಡಿದು ಬಿಟ್ಟರೆ ಬುಡದಿಂದ ಹತ್ತಾರು ಚಿಗುರು ಒಡೆಯುತ್ತವೆ. ಮಣ್ಣಲ್ಲಿ ಬಿದ್ದ ಬೀಜ ವರ್ಷಗಟ್ಟಲೆ ಕಾಯುತ್ತದೆ. ಕಾರ್ಖಾನೆಗೆ ಬೇಕಿರುವುದು ದಪ್ಪ ಮರ. ಬೆರಳು ಗಾತ್ರದ ಸಸಿಯನ್ನು ಬೇರು ಸಮೇತ ಕೀಳುವುದರಲ್ಲಿ ಅವರಿಗೆ ಲಾಭ ಇಲ್ಲ. ಕಾಡಿಗೆ ಮಾತ್ರ ಆ ಸಸಿ ಕೀಳುವುದೇ ಮುಖ್ಯ. ಇದರಲ್ಲಿ ಕಾರ್ಖಾನೆಯ ತಪ್ಪಿಲ್ಲ, ಅವರ ವ್ಯವಹಾರ ಇರುವುದೇ ಟನ್ ಲೆಕ್ಕದಲ್ಲಿ. ಹಾಗಾಗಿ ಜಾಣ ಅಧಿಕಾರಿ ಒಪ್ಪಂದ ಬರೆಯುವಾಗಲೇ ಲೆಕ್ಕ ಬದಲಿಸುತ್ತಾರೆ. ಎಷ್ಟು ಟನ್ ಹೋಯಿತು ಅನ್ನುವುದರ ಜೊತೆ ಎಷ್ಟು ಎಕರೆ ಸ್ವಚ್ಛವಾಗಿ ಉಳಿಯಿತು ಅಂತ ಕೇಳುತ್ತಾರೆ. ಬುಡದ ಕೆಲಸ ಯಾರದ್ದು, ಅದಕ್ಕೆ ಹಣ ಎಲ್ಲಿಂದ ಅನ್ನುವುದನ್ನು ಮೊದಲ ಲಾರಿ ಹೊರಡುವ ಮುಂಚೆಯೇ ಬರೆಸಿಕೊಳ್ಳುತ್ತಾರೆ.

ಲಾರಿ ಅಂದಾಗ ನೆನಪಾಯಿತು. ಇದೇ ಏರ್ಪಾಡನ್ನು ಹಾಸನೂರು ಕಡೆ ತರುತ್ತೀರಿ ಅಂದುಕೊಳ್ಳಿ. ಮರ ಕರೂರು ಜಿಲ್ಲೆಯ ಕಾರ್ಖಾನೆಗೆ ಹೋಗಬೇಕು, ದಿಂಬಂ ಇಳಿಯಬೇಕು. 2022ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಲೋಡ್ ತಡವಾದರೆ ಬೆಳಗಿನ ತನಕ ಮೇಲೆಯೇ ನಿಲ್ಲಬೇಕು. ಆಗ ಚಾಲಕನ ಬಾಟಾ, ಕಾವಲು, ಚೆಕ್‌ಪೋಸ್ಟ್ ಕಾಗದ. ಪ್ರಸ್ತಾವನೆಯಲ್ಲಿ ಒಂದು ಸಾಲೂ ಇಲ್ಲದ ಇಂಥ ವಿಷಯಕ್ಕೇ ಕೆಲಸ ನಿಂತುಹೋಗುತ್ತದೆ.

[ದೃಶ್ಯ: ಕತ್ತಿಯಿಂದ ಲಂಟಾನದ ಬುಡ ಕಡಿಯುವ ಕೈಗಳು, ನಿಧಾನವಾಗಿ.]

ಈಗ ಲಂಟಾನಕ್ಕೆ ಬರೋಣ. ಮೇಲೆ ಮೇಲೆ ಸವರಿದರೆ ಮಳೆ ಬಿದ್ದ ಕೂಡಲೇ ಇನ್ನೂ ದಟ್ಟವಾಗಿ ಬರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಅವರ ತಂಡ ಒಂದು ವಿಧಾನ ಹೇಳಿಕೊಟ್ಟಿತು. ಮಣ್ಣಿನ ಕೆಳಗೆ ಒಂದೆರಡು ಇಂಚು ಆಳದಲ್ಲಿ ತಾಯಿ ಬೇರನ್ನು ಕತ್ತರಿಸಬೇಕು. ಗಿಡವನ್ನು ಎತ್ತಿ ತಲೆಕೆಳಗಾಗಿ ಇಡಬೇಕು, ಆಗ ಬೇರು ಒಣಗುತ್ತದೆ. ಕಾಯಿ ಕಟ್ಟುವ ಮುಂಚೆ ಮಾಡಬೇಕು. ಯಂತ್ರ ಬೇಡ, ಮಣ್ಣನ್ನೂ ಕೆದಕುವುದಿಲ್ಲ.

ಆದರೆ ಹಣ್ಣು ತಿಂದ ಹಕ್ಕಿಗಳು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಅದೇ ಮರದ ಕೆಳಗೆ ಮತ್ತೆ ಸಸಿ ಹುಟ್ಟುತ್ತವೆ. ಎರಡನೇ ವರ್ಷವೂ ಬರಬೇಕು, ಮೂರನೇ ವರ್ಷವೂ ಬರಬೇಕು, ಆ ಮರಗಳ ಬುಡವನ್ನೇ ಹುಡುಕಿಕೊಂಡು ಬರಬೇಕು. ನಮ್ಮ ಬಜೆಟ್ ಇರುವುದು ಏಪ್ರಿಲ್‌ನಿಂದ ಮಾರ್ಚ್ ತನಕ! ಮೊದಲ ವರ್ಷ ಫೋಟೋಗೆ ಬರುವವರು ಎಷ್ಟೋ ಜನ. ಖಾಲಿಯಾದ ಬಯಲು ನೋಡಲು ಚೆಂದ. ಮೂರನೇ ವರ್ಷ ಗೇಣುದ್ದದ ಸಸಿ ಕೀಳುವುದಕ್ಕೆ ಯಾವ ಅತಿಥಿಯೂ ಬರುವುದಿಲ್ಲ. ನನ್ನ ಕೇಳಿದರೆ, ಮೂರು ವರ್ಷದ ಹಣ ಕೈಯಲ್ಲಿ ಇಲ್ಲದೆ ನೂರು ಎಕರೆ ಶುರು ಮಾಡುವುದಕ್ಕಿಂತ ಮೂವತ್ತು ಎಕರೆ ಹಿಡಿದು ಮುಗಿಸುವುದು ವಾಸಿ.

ಹಾಗಾದರೆ ಮೂರನೇ ವರ್ಷವೂ ಅಲ್ಲೇ ಇರುವವರು ಯಾರು? ಈ ಕಾಡಿನ ಆದಿವಾಸಿಗಳಾದ ಸೋಲಿಗರು, ಊರಾಳಿಗಳು. 2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡನ್ನು ಕಾಪಾಡುವ ಹೊಣೆ, ಅಧಿಕಾರ ಎರಡನ್ನೂ ಕೊಟ್ಟಿದೆ. ಹೀಗಿದ್ದೂ ಎಷ್ಟೋ ಯೋಜನೆಗಳಲ್ಲಿ ಅವರ ಹೆಸರು ಬರುವುದು ಕೂಲಿ ಪಟ್ಟಿಯಲ್ಲಿ ಮಾತ್ರ. ಎಲ್ಲಿ ಮೊದಲು ಯಾವ ಹುಲ್ಲು ಇತ್ತು, ಯಾವ ಹಳ್ಳದಲ್ಲಿ ನೀರು ನಿಲ್ಲುತ್ತಿತ್ತು ಅಂತ ಗೊತ್ತಿರುವುದು ಹಾಡಿಯ ಅಜ್ಜಂದಿರಿಗೆ. ಹಿಂದೆ ಒಣ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದಾಗ ಲಂಟಾನ ಇಷ್ಟು ಏರುತ್ತಿರಲಿಲ್ಲ ಅನ್ನುವುದು ಸೋಲಿಗರ ಮಾತು. ಇಲಾಖೆಗೆ ಬೆಂಕಿ ಅಂದರೆ ಭಯ, ಈಗಿನ ಒಣ ಪೊದೆಗಳನ್ನು ನೋಡಿದರೆ ಆ ಭಯಕ್ಕೂ ಕಾರಣ ಇದೆ. ಈ ಜಗಳ ಒಂದು ಸಭೆಯಲ್ಲಿ ಬಗೆಹರಿಯುವಂಥದ್ದಲ್ಲ. ಸಭೆಯಲ್ಲಿ ಅವರ ಮಾತು ದಾಖಲಾದರೂ ಸಾಕು, ಅಷ್ಟೂ ಆಗುವುದಿಲ್ಲ. ಅದಕ್ಕೆ ಇನ್ನೊಂದು ಕಾರಣವೂ ಇದೆ. ಇಲ್ಲಿ ಮಾತು ನಡೆಯುವುದು ಕನ್ನಡದಲ್ಲಿ, ನಡಾವಳಿ ಬರೆಯುವುದು ತಮಿಳಿನಲ್ಲಿ. ಓದಿ ಹೇಳಿ ಆಮೇಲೆ ಸಹಿ ಹಾಕಿಸಿದರೆ ಒಂದು ಗಂಟೆ ಜಾಸ್ತಿ ಆಗಬಹುದು, ಅಷ್ಟೇ.

[ದೃಶ್ಯ: ಲಂಟಾನ ಕಡ್ಡಿಯಿಂದ ಮಾಡಿದ ಕುರ್ಚಿ.]

ಗಡಿಯಾಚೆ ಕರ್ನಾಟಕದ ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಅನ್ನುವ ಪರಿಸರ ಸಂಶೋಧನಾ ಸಂಸ್ಥೆಯ ಜೊತೆ ಸೇರಿ ಸ್ಥಳೀಯರು ಲಂಟಾನದಿಂದ ಕುರ್ಚಿ, ಮೇಜು ಮಾಡುತ್ತಾರೆ. ಒಳ್ಳೆಯ ಸಂಪಾದನೆ. ಆದರೆ ಕುರ್ಚಿ ಮಾಡಿ ಕಾಡು ಖಾಲಿ ಮಾಡಲು ಆಗುವುದಿಲ್ಲ, ಅದಕ್ಕೆ ಹೋಗುವ ಕಡ್ಡಿ ಅಷ್ಟು ಕಡಿಮೆ. ಅದನ್ನು ಜೀವನೋಪಾಯ ಅಂತ ಬರೆಯಿರಿ, ಕಾಡಿನ ಲೆಕ್ಕಕ್ಕೆ ಸೇರಿಸಬೇಡಿ.

ಲಂಟಾನ ತೆಗೆದ ಜಾಗಕ್ಕೆ ತಕ್ಷಣ ಮರದ ಸಸಿ ನೆಡಲು ಎಲ್ಲರಿಗೂ ಆತುರ. ಇದು ಎಲೆ ಉದುರುವ ಒಣ ಕಾಡು, ಇಲ್ಲಿ ಮೊದಲು ಬೇಕಿರುವುದು ಹುಲ್ಲು. ಊರಿನ ಹುಲ್ಲಿನ ಬೀಜವನ್ನು ಹಿಂದಿನ ವರ್ಷವೇ ಕೊಯ್ದು ಇಟ್ಟುಕೊಂಡಿರಬೇಕು. ನೆಲ್ಲಿ, ಹೊನ್ನೆ, ದಿಂಡಿಗ ಬೇಕಾದಲ್ಲಿ ಆಮೇಲೆ ನೆಡಬಹುದು. ಎಷ್ಟೋ ಕಡೆ ತಾವಾಗಿಯೇ ಬರುತ್ತವೆ.

ನಿಮ್ಮ ಊರಿನ ಹತ್ತಿರ ಇಂಥ ಕೆಲಸ ಶುರುವಾದರೆ ಮುಂದಿನ ಗ್ರಾಮಸಭೆಯಲ್ಲಿ, ಆಗಸ್ಟ್ 15 ಇರಲಿ, ಅಕ್ಟೋಬರ್ 2 ಇರಲಿ, ಎದ್ದು ನಿಂತು ಕೇಳಿ. ಮೂರನೇ ವರ್ಷದ ಕೂಲಿ ಯಾವ ಖಾತೆಯಿಂದ ಬರುತ್ತದೆ? ಹುಲ್ಲಿನ ಬೀಜ ಯಾರು ಕೂಡಿಡುತ್ತಿದ್ದಾರೆ? ಪ್ರತಿ ವರ್ಷ ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯುತ್ತಾರಾ, ಅದನ್ನು ನಮಗೂ ತೋರಿಸುತ್ತಾರಾ? ಸಿಕ್ಕ ಉತ್ತರವನ್ನು ಕಾಮೆಂಟಲ್ಲಿ ಬರೆಯಿರಿ. ಮುಂದಿನ ವಿಡಿಯೋದಲ್ಲಿ ಮೋಯಾರ್ ಕಣಿವೆಯ ಸೀಮೆ ಜಾಲಿ ಬಗ್ಗೆ ಮಾತಾಡೋಣ.